ಬರೆದವರು ಊರಲ್ಲಿರಲಿಲ್ಲ

ಧಾರವಾಡದಲ್ಲಿ ಪುಸ್ತಕ ಬಿಡುಗಡೆಯಿಲ್ಲದ ವಾರವೇ ಅಪರೂಪ. ಆಮಂತ್ರಣ ಈಗ ಮೊಬೈಲಿಗೇ ಬಂದು ಬೀಳುತ್ತದೆ. ಸಾನ್ನಿಧ್ಯ, ಅಧ್ಯಕ್ಷತೆ, ಉದ್ಘಾಟನೆ, ಬಿಡುಗಡೆ, ಪುಸ್ತಕ ಪರಿಚಯ, ಮುಖ್ಯ ಅತಿಥಿಗಳು, ಘನ ಉಪಸ್ಥಿತಿ ಎಲ್ಲ ಓದಿ ಮುಗಿಸುವ ಹೊತ್ತಿಗೆ ಬರೆದವರ ಹೆಸರು ಎಲ್ಲಿತ್ತೆಂದು ಮತ್ತೆ ಹುಡುಕಬೇಕು. ವೇದಿಕೆಯ ಮೇಲೆ ಬಣ್ಣದ ಕಾಗದದ ಕಟ್ಟು ಬಿಚ್ಚಿ, ಒಬ್ಬೊಬ್ಬರೂ ಒಂದು ಪ್ರತಿಯನ್ನು ಎದೆಗೆ ಹಿಡಿದು ಫೋಟೋಕ್ಕೆ ನಿಲ್ಲುತ್ತಾರೆ. ತಲೆಕೆಳಗಾಗಿ ಹಿಡಿದವರೊಬ್ಬರು ಇದ್ದೇ ಇರುತ್ತಾರೆ. ಇದನ್ನು ಹಳಿಯಲು ನಾನು ಹೊರಟಿಲ್ಲ, ಶಾಲು ಹೊದ್ದು ಅಲ್ಲಿ ಕೂತವರಲ್ಲಿ ನಾನೂ ಒಬ್ಬ. ಆದರೆ ಕಾಲೇಜು ಲೈಬ್ರರಿಯೊಂದರಲ್ಲಿ ಹಳೆಯ ಪತ್ರಿಕೆಗಳ ನಡುವೆ ನೌಕರಿ ಮುಗಿಸಿದವನಿಗೆ ಈ ಊರಿನ ಪುಸ್ತಕದ ಸಂಭ್ರಮಕ್ಕೆ ಬೇರೊಂದು ಚರಿತ್ರೆಯಿದೆ ಅನ್ನುವುದು ಕಣ್ಣಿಗೆ ಬೀಳದೆ ಇರುವುದಿಲ್ಲ. ವೇದಿಕೆ, ಮೈಕು ಬರುವುದಕ್ಕೆ ಬಹಳ ಮೊದಲು ಒಂದು ಪತ್ರಿಕೆ, ಅದರ ಸುತ್ತ ಒಂದು ಬಳಗ, ಆ ಬಳಗದ ಬೆನ್ನಿಗೆ ಚಂದಾದಾರರು ಇದ್ದರು. ಬಳಗದಲ್ಲಿ ಒಬ್ಬನ ಪುಸ್ತಕ ಬಂದರೆ ಎಲ್ಲರ ಮನೆಯಲ್ಲೂ ಹಬ್ಬ. ಯಾಕೆಂದರೆ ಅದರಲ್ಲಿ ಎಲ್ಲರ ಕೈಯೂ ಇರುತ್ತಿತ್ತು, ಎಷ್ಟೋ ಸಲ ಎಲ್ಲರ ಕಾಸೂ.

1890ರ ಜುಲೈನಲ್ಲಿ ರಾ.ಹ. ದೇಶಪಾಂಡೆಯವರು ಕರ್ನಾಟಕ ವಿದ್ಯಾವರ್ಧಕ ಸಂಘ ಕಟ್ಟಿದಾಗ ಮುಂಬಯಿ ಪ್ರಾಂತದ ಈ ಭಾಗದಲ್ಲಿ ಮರಾಠಿಯದೇ ದರ್ಬಾರು. ಕನ್ನಡದಲ್ಲಿ ಒಂದು ಪುಸ್ತಕ ಅಚ್ಚಾಯಿತು ಅನ್ನುವುದೇ ದೊಡ್ಡ ಸುದ್ದಿ. ಹಾಗಾಗಿ ಒಳ್ಳೆಯ ಪುಸ್ತಕ ಬರೆದವರಿಗೆ ಬಹುಮಾನ ಕೊಟ್ಟು ಹುರಿದುಂಬಿಸುವುದನ್ನು ಸಂಘ ತನ್ನ ಮುಖ್ಯ ಕೆಲಸಗಳಲ್ಲಿ ಒಂದಾಗಿ ಹಚ್ಚಿಕೊಂಡಿತು. 1896ರಲ್ಲಿ ಅದರ ಪತ್ರಿಕೆ ‘ವಾಗ್ಭೂಷಣ’ ಹೊರಟಿತು. ಅತ್ತ ಮೈಸೂರಿನಲ್ಲಿ 1892ರಲ್ಲೇ ‘ಕರ್ಣಾಟಕ ಕಾವ್ಯಮಂಜರಿ’ ಹಳಗನ್ನಡ ಕಾವ್ಯಗಳನ್ನು ಕಂತು ಕಂತಾಗಿ ಅಚ್ಚು ಹಾಕುತ್ತಿತ್ತು. ಅಲ್ಲಿ ಪತ್ರಿಕೆಯೇ ಪುಸ್ತಕದ ತೊಟ್ಟಿಲು. 1907ರಲ್ಲಿ ಆಲೂರು ವೆಂಕಟರಾಯರ ಓಡಾಟದ ಫಲವಾಗಿ ಧಾರವಾಡದಲ್ಲಿ ಕನ್ನಡ ಗ್ರಂಥಕರ್ತರ ಸಮ್ಮೇಳನ ಸೇರಿತು. ಸಾಹಿತ್ಯ ಪರಿಷತ್ತು ಹುಟ್ಟಲು ಇನ್ನೂ ಎಂಟು ವರ್ಷ ಇತ್ತು. ಪುಸ್ತಕ ಬರೆದವರು ಒಂದು ಕಡೆ ಕೂಡಬೇಕು, ಒಬ್ಬರ ಮುಖ ಒಬ್ಬರು ನೋಡಬೇಕು ಅನ್ನುವ ಆಸೆ ಈ ಊರಿಗೆ ಅಷ್ಟು ಹಳೆಯದು.

ಆಮೇಲೆ ಬಂದದ್ದು ಗೆಳೆಯರ ಗುಂಪು. ಬೇಂದ್ರೆ ಹಿರಿಯಣ್ಣ. ಸುತ್ತ ಶಂಬಾ ಜೋಶಿ, ಬೆಟಗೇರಿ ಕೃಷ್ಣಶರ್ಮ, ಗೋಕಾಕ, ಮುಗಳಿ. ‘ಸ್ವಧರ್ಮ’, ‘ಜಯ ಕರ್ನಾಟಕ’ ಇವರ ಕೈಯಲ್ಲಿ ಓಡಾಡಿದ ಪತ್ರಿಕೆಗಳು. ಅಂಬಿಕಾತನಯದತ್ತ, ಆನಂದಕಂದ, ವಿನಾಯಕ, ರಸಿಕರಂಗ ಎಂದು ಒಬ್ಬೊಬ್ಬರಿಗೆ ಒಂದೊಂದು ಕಾವ್ಯನಾಮ. ಅತ್ತ ಹಲಸಂಗಿಯಲ್ಲಿ ಮಧುರಚೆನ್ನ, ಸಿಂಪಿ ಲಿಂಗಣ್ಣ ಮೊದಲಾದವರದು ಇನ್ನೊಂದು ಗುಂಪು. ಎರಡೂ ಗುಂಪುಗಳ ನಡುವೆ ಹೋಗಿಬರುವ ದಾರಿ ಸದಾ ತೆರೆದಿತ್ತು. ಕವಿತೆಯನ್ನು ಮೊದಲು ಗೆಳೆಯರ ಮುಂದೆ ಹಾಡಬೇಕು, ಅವರು ತಲೆದೂಗಬೇಕು, ಪತ್ರಿಕೆಗೆ ಹೋಗುವುದು ಆಮೇಲೆ. ಪುಸ್ತಕವಾಗುವುದಂತೂ ಕೊನೆಯ ಮಾತು.

ಅಂಥ ಗುಂಪಿನ ಹಿರಿಯಣ್ಣನ ಸಂಕಲನ ‘ಗರಿ’ 1932ರಲ್ಲಿ ಬಂತು. ಊರೆಲ್ಲ ಸಂಭ್ರಮಿಸಬೇಕಾದ ಪುಸ್ತಕ. ಅದರೊಳಗಿದ್ದ ‘ನರಬಲಿ’ ಎಂಬ ಒಂದು ಕವಿತೆ ರಾಜದ್ರೋಹದ್ದೆಂದು ಬಗೆದ ಸರಕಾರ ಬೇಂದ್ರೆಯವರನ್ನು ಹಿಂಡಲಗಾ ಜೈಲಿಗೆ ಅಟ್ಟಿತು, ಆಮೇಲೆ ಧಾರವಾಡದ ಬಗಲಿನ ಮುಗದದಲ್ಲಿ ನಜರಬಂದಿಯಲ್ಲಿಟ್ಟಿತು. ಶಿಕ್ಷಕರ ನೌಕರಿಯೂ ಕೈಬಿಟ್ಟಿತು. ಕನ್ನಡದ ಕವಿತೆಯನ್ನು ಅಷ್ಟು ಲಕ್ಷ್ಯಗೊಟ್ಟು ಓದಿದ ಸರಕಾರ ಮತ್ತೆ ಬರಲಿಲ್ಲ ಎಂದು ಹಿರಿಯರೊಬ್ಬರು ನಗುತ್ತ ಹೇಳುತ್ತಿದ್ದರು.

ಮರುವರ್ಷ, 1933ರಲ್ಲಿ, ಹೊಂಬಳದಿಂದ ಬಂದ ಜಿ.ಬಿ. ಜೋಶಿಯವರು ಮನೋಹರ ಗ್ರಂಥಮಾಲೆ ಶುರುಮಾಡಿದರು. ಜಿ.ಬಿ. ಅಂದರೆ ‘ಜಡಭರತ’, ನಾಟಕಕಾರರು. ಅಂಗಡಿಯಲ್ಲಿ ಪುಸ್ತಕ ಇಟ್ಟು ಗಿರಾಕಿಗೆ ಕಾಯುವ ವ್ಯಾಪಾರ ಅವರದಲ್ಲ. ಓದುವವರು ಮುಂಗಡ ಚಂದಾ ಕೊಡಬೇಕು, ವರ್ಷದ ಪುಸ್ತಕಗಳು ಅಂಚೆಯಲ್ಲಿ ಮನೆಗೆ ಬರುತ್ತವೆ. ಯಾವ ಪುಸ್ತಕ, ಯಾರದು ಅನ್ನುವುದು ಮೊದಲೇ ಗೊತ್ತಿರುವುದಿಲ್ಲ. ಹೊಸಬನ ಪುಸ್ತಕ ಬಂದರೂ ಅದು ಮಾರಾಟವಾಗಿಯೇ ಹುಟ್ಟುತ್ತದೆ. ಕಾಗದದ ಖರ್ಚು, ಅಚ್ಚುಕೂಟದ ಬಾಕಿಗೆ ಒಂದಿಷ್ಟು ಆಸರೆ ಇರುತ್ತದೆ. ಚಂದಾದಾರನಿಗಾದರೋ ತಾನು ಒಬ್ಬ ಲೇಖಕನನ್ನು ಹೊರತಂದೆ ಅನ್ನುವ ಠೇಂಕಾರ. ನಮ್ಮ ಸೋದರಮಾವ ಒಬ್ಬರಿದ್ದರು, ಶಾಲಾ ಮಾಸ್ತರರು. ಪೋಸ್ಟಮನ್ ಗ್ರಂಥಮಾಲೆಯ ಕಟ್ಟು ತಂದ ದಿನ ಊಟಕ್ಕೆ ಕರೆದರೂ ಏಳುತ್ತಿರಲಿಲ್ಲ. ಅಂಟಿಕೊಂಡ ಹಾಳೆಗಳ ಅಂಚನ್ನು ಬ್ಲೇಡಿನಿಂದ ಬಿಡಿಸುತ್ತ, "ಈ ಸಲ ನಾವು ಯಾರನ್ನ ತಂದೇವಿ ನೋಡು" ಅನ್ನುವರು. ಆ ‘ನಾವು’ ಕೇಳಿ ನಮ್ಮತ್ತೆಗೆ ನಗೆ.

ಸುಭಾಸ ರಸ್ತೆಯ ಅಟ್ಟದ ಮೇಲೆ ಗ್ರಂಥಮಾಲೆಯ ಕಚೇರಿ. ಧಾರವಾಡದವರಿಗೆ ಅದು ಬರೀ ‘ಅಟ್ಟ’. ಇಲ್ಲಿಂದ ಹೊರಟ ಪುಸ್ತಕಗಳ ಪಟ್ಟಿ ನೋಡುವಾಗ ನನಗೆ ಯಾವಾಗಲೂ ಒಂದು ಮೋಜಿನ ಸಂಗತಿ ಕಾಣುತ್ತದೆ. 1961ರಲ್ಲಿ ಗಿರೀಶ ಕಾರ್ನಾಡರ ಮೊದಲ ನಾಟಕ ‘ಯಯಾತಿ’ ಬಂತು, ಆಗ ಅವರು ಆಕ್ಸ್‌ಫರ್ಡಿನಲ್ಲಿ ಓದುತ್ತಿದ್ದರು. 1965ರಲ್ಲಿ ‘ಸಂಸ್ಕಾರ’ ಬಂತು, ಅನಂತಮೂರ್ತಿಯವರು ಬರ್ಮಿಂಗ್‌ಹ್ಯಾಮಿನಲ್ಲಿ. 1969ರಲ್ಲಿ ಎ.ಕೆ. ರಾಮಾನುಜನ್ನರ ‘ಹೊಕ್ಕುಳಲ್ಲಿ ಹೂವಿಲ್ಲ’, ಅವರು ಶಿಕಾಗೋದಲ್ಲಿ. ಕನ್ನಡದ ದಿಕ್ಕು ಬದಲಿಸಿದ ಮೂರು ಪುಸ್ತಕಗಳು ಧಾರವಾಡದ ಒಂದು ಅಟ್ಟದಿಂದ ಹೊರಬಿದ್ದಾಗ ಬರೆದವರು ಒಬ್ಬರೂ ಊರಲ್ಲಿರಲಿಲ್ಲ! ಹಾರ ಯಾರಿಗೆ ಹಾಕಬೇಕು? ಗ್ರಂಥಮಾಲೆಯ ಸಲಹೆಗಾರರಾಗಿದ್ದ ಕೀರ್ತಿನಾಥ ಕುರ್ತಕೋಟಿಯವರೂ ಬಹುಕಾಲ ಗುಜರಾತಿನ ಆಣಂದದಲ್ಲಿ ಇಂಗ್ಲಿಷ್ ಕಲಿಸುತ್ತಿದ್ದವರು. ಅಂದಮೇಲೆ ಸಂಭ್ರಮವೆಲ್ಲ ಊರಲ್ಲಿ ಉಳಿದವರದು. ಹಸ್ತಪ್ರತಿ ಓದಿದವರದು, ಕರಡು ತಿದ್ದಿದವರದು, ಮೊಳೆ ಜೋಡಿಸಿದವರದು, ಕಟ್ಟು ಕಟ್ಟಿ ಅಂಚೆಗೆ ಹಾಕಿದವರದು. ಆ ದೂರದ ಊರುಗಳಿಗೆ ಪುಸ್ತಕ ತಲುಪುವ ಹೊತ್ತಿಗೆ ಇಲ್ಲಿ ಅದರ ಬಗ್ಗೆ ಜಗಳವೇ ಶುರುವಾಗಿರುತ್ತಿತ್ತು.

ಅದೇ 1961ರಲ್ಲಿ ಶಾಂತಿನಾಥ ದೇಸಾಯಿಯವರ ‘ಮುಕ್ತಿ’ಯೂ ಇಲ್ಲಿಂದಲೇ ಬಂತು. ಒಂದೇ ವರ್ಷದಲ್ಲಿ ನವ್ಯದ ನಾಟಕ, ನವ್ಯದ ಕಾದಂಬರಿ ಎರಡನ್ನೂ ಕೈಗಿಡುವ ಧೈರ್ಯ ಚಂದಾದಾರರ ಬೆಂಬಲವಿಲ್ಲದೆ ಬರುವಂಥದಲ್ಲ. ಎಲ್ಲ ಚಂದಾದಾರರಿಗೂ ಇವು ರುಚಿಸಿದವು ಅಂತಲ್ಲ. ನಮ್ಮ ಮಾವನಿಗೇ ‘ಮುಕ್ತಿ’ ಸೇರಲಿಲ್ಲ, ಆದರೂ ಚಂದಾ ನಿಲ್ಲಿಸಲಿಲ್ಲ.

ಗ್ರಂಥಮಾಲೆಗೆ ಇಪ್ಪತ್ತೈದು ತುಂಬಿದಾಗ ಜಿ.ಬಿ. ಮಾಡಿದ್ದನ್ನು ಇಂದಿನ ಅಭಿನಂದನ ಸಮಿತಿಗಳು ಒಮ್ಮೆ ನೋಡಬೇಕು. ಬೆಳ್ಳಿಹಬ್ಬಕ್ಕೆ ಹೊರಬಂದದ್ದು ‘ನಡೆದು ಬಂದ ದಾರಿ’ಯ ಮೂರು ದಪ್ಪ ಸಂಪುಟಗಳು. ಕನ್ನಡ ಸಾಹಿತ್ಯ ಎಲ್ಲಿಂದ ಎಲ್ಲಿಗೆ ಬಂತು ಎಂದು ತೂಗಿ ನೋಡುವ ಬರಹ ಅವುಗಳ ತುಂಬ. ಕುರ್ತಕೋಟಿಯವರ ‘ಯುಗಧರ್ಮ ಹಾಗೂ ಸಾಹಿತ್ಯ ದರ್ಶನ’ ಬಂದದ್ದು ಇದರಲ್ಲಿ. ಬರೆದಾಗ ಅವರಿಗೆ ಮೂವತ್ತರ ಆಸುಪಾಸು. ಪ್ರಕಾಶಕನೊಬ್ಬ ತನ್ನ ಹಬ್ಬಕ್ಕೆ ಹುಡುಗ ವಿಮರ್ಶಕನನ್ನು ಕೂರಿಸಿ, ತನ್ನ ಲೇಖಕರನ್ನೂ ಬಿಡದೆ ಒರೆಗೆ ಹಚ್ಚು ಎಂದದ್ದು ನನ್ನ ಮಟ್ಟಿಗೆ ಕನ್ನಡದ ಅತ್ಯಂತ ಚಂದದ ಸತ್ಕಾರ ಸಮಾರಂಭ.

1964ರಲ್ಲಿ ‘ಸಂಕ್ರಮಣ’ ಹುಟ್ಟಿತು. ಚಂದ್ರಶೇಖರ ಪಾಟೀಲ, ಗಿರಡ್ಡಿ ಗೋವಿಂದರಾಜ, ಸಿದ್ದಲಿಂಗ ಪಟ್ಟಣಶೆಟ್ಟಿ ಮೂವರೂ 1939ರಲ್ಲಿ ಹುಟ್ಟಿದವರು, ಆಗಿನ್ನೂ ಇಪ್ಪತ್ತೈದರ ಹುಡುಗರು. ಮೈಸೂರು ಕಡೆ ಅಡಿಗರ ‘ಸಾಕ್ಷಿ’ ಅದಕ್ಕೂ ಎರಡು ವರ್ಷ ಮೊದಲೇ ಬಂದಿತ್ತು. ಆ ಪತ್ರಿಕೆಗಳ ಬಳಗದಲ್ಲಿ ಒಂದು ಅಲಿಖಿತ ನಿಯಮವಿತ್ತು. ನಮ್ಮವನ ಪುಸ್ತಕ ಬಂದಿದೆ ಎಂದು ಹಿಗ್ಗಿ ಸಾರಬೇಕು, ಹಾಗೆಯೇ ಅದರ ಹುಳುಕನ್ನು ನಮ್ಮ ಪತ್ರಿಕೆಯಲ್ಲೇ ಮೊದಲು ಬರೆಯಬೇಕು. ಇದನ್ನು ತಾಳಿಕೊಂಡವರು ಕೆಲವರು. ತಾಳದವರು ಚಹದ ಅಂಗಡಿ ಬದಲಿಸಿದರು.

ಎಪ್ಪತ್ತರ ದಶಕದ ಮೊದಲಲ್ಲಿ ವಿದ್ಯಾರ್ಥಿಯಾಗಿದ್ದ ನಾನು ಅಂಥದೇ ಇನ್ನೊಂದು ಸಣ್ಣ ಪತ್ರಿಕೆಗೆ ವಿಳಾಸ ಬರೆದುಕೊಡುತ್ತಿದ್ದೆ. ಅದು ಬಹಳ ದಿನ ಬದುಕಲಿಲ್ಲ, ಹೆಸರು ಬೇಡ. ಸಂಚಿಕೆ ಅಚ್ಚಾಗಿ ಬಂದ ಸಂಜೆ ಸಂಪಾದಕರ ಮನೆಯ ಪಡಸಾಲೆಯಲ್ಲಿ ಚಾಪೆ ಹಾಸಿ ಕೂಡುತ್ತಿದ್ದೆವು. ಮೈದಾಹಿಟ್ಟು ಕುದಿಸಿ ಮಾಡಿದ ಅಂಟಿಗೆ ಜಿರಲೆ ಬಾರದಿರಲೆಂದು ಚಿಟಿಕೆ ಮೈಲುತುತ್ತ. ಕಂದು ಕಾಗದದ ಪಟ್ಟಿಯನ್ನು ಸಂಚಿಕೆಯ ನಡುವಿಗೆ ಸುತ್ತಿ ಅಂಟಿಸಿ, ಮೇಲೆ ವಿಳಾಸ. ಚಂದಾ ತೀರಿದವರ ಪಟ್ಟಿಗೆ ಕೆಂಪು ಶಾಯಿಯ ಗೆರೆ. ಬಳಗದಲ್ಲಿ ಯಾರದಾದರೂ ಪುಸ್ತಕ ಬಂದಿದ್ದರೆ ಆ ಸಂಚಿಕೆಯೊಳಗೆ ಒಂದು ಚೀಟಿ ಇಡುತ್ತಿದ್ದೆವು. ಇಂಥವರ ಕವನಸಂಕಲನ ಹೊರಬಂದಿದೆ, ಬೆಲೆ ಇಷ್ಟು, ನಮ್ಮ ಚಂದಾದಾರರಿಗೆ ಅಂಚೆ ವೆಚ್ಚವಿಲ್ಲ. ಚೀಟಿಯ ಕಾಗದ ಅಚ್ಚುಕೂಟದಲ್ಲಿ ಲಗ್ನಪತ್ರಿಕೆ ಅಚ್ಚು ಮಾಡಿ ಉಳಿದ ತುಂಡು. ಒಂದು ಸಲ ಗುಲಾಬಿ, ಒಂದು ಸಲ ಹಳದಿ. ಸಾವಿನ ಮೇಲೆ ಬರೆದ ಕವಿಯೊಬ್ಬರ ಸಂಕಲನದ ಚೀಟಿ ಅರಿಸಿನದ ಬಣ್ಣದ ಕಾಗದದಲ್ಲಿ, ಮೂಲೆಯಲ್ಲಿ ಅರ್ಧ ಗಣಪತಿಯ ಜೊತೆ ಹೋಯಿತು. ಕವಿಗೆ ಅದು ಬಹಳ ಹಿಡಿಸಿತು.

ಧಾರವಾಡ ಅಂದಮೇಲೆ ಫೇಡೆ ಎಲ್ಲಿ ಎಂದು ಓದುಗರು ಕಾದಿರುತ್ತಾರೆ. ಇತ್ತು, ಲೈನ್ ಬಜಾರಿನಿಂದ ಕಾಲು ಕಿಲೋ, ತಲೆಗೊಂದು. ಹೆಚ್ಚು ಕೇಳಿದರೆ, "ಮೊದಲ ಆವೃತ್ತಿ ಖರ್ಚಾಗಲಿ ತಡಿಯಪಾ" ಅನ್ನುವ ಉತ್ತರ. ಸಾವಿರ ಪ್ರತಿಯ ಆವೃತ್ತಿ ಖರ್ಚಾಗುವ ಹೊತ್ತಿಗೆ ಕೇಳಿದವನಿಗೆ ಸಕ್ಕರೆ ಕಾಯಿಲೆ ಬಂದಿರುತ್ತಿತ್ತು.

ಪತ್ರಿಕೆಗಳ ಹಿಂಬದಿಯಲ್ಲಿ ‘ಸಾದರ ಸ್ವೀಕಾರ’ ಎಂಬ ಅಂಕಣ ಇರುತ್ತಿತ್ತಲ್ಲ, ಅದರ ರಾಜಕಾರಣವೇ ಬೇರೆ. ವಿಮರ್ಶೆಗೆ ಎರಡು ಪ್ರತಿ ಕಳಿಸಬೇಕು ಎಂಬ ಷರತ್ತು. ಒಂದು ವಿಮರ್ಶಕನಿಗೆ, ಇನ್ನೊಂದು ಕಚೇರಿಗೆ. ವಿಮರ್ಶೆ ಬರೆಸುವ ಮನಸ್ಸಿಲ್ಲದ ಪುಸ್ತಕಗಳು ಹೆಸರು, ಪುಟ, ಬೆಲೆಯ ಸಮೇತ ಅಲ್ಲಿ ಸಾಲಾಗಿ ಮಲಗುತ್ತಿದ್ದವು. ಬಳಗದವರದು ಎಂದೂ ಅಲ್ಲಿ ಕಾಣುತ್ತಿರಲಿಲ್ಲ, ನೇರ ಒಳಪುಟಕ್ಕೇ ದಾರಿ. ಹೊರಗಿನ ಊರಿನ, ಹೊರಗಿನ ಜಾತಿಯ, ಹೆಂಗಸರ ಎಷ್ಟು ಪುಸ್ತಕಗಳು ಆ ಸಾಲಿನಲ್ಲೇ ಉಳಿದು ಹೋದವೋ. ಬಳಗ ಅಂದರೆ ಬಾಗಿಲೂ ಹೌದು, ಬೀಗವೂ ಹೌದು. ನನ್ನ ವಯಸ್ಸಿನ ಧಾರವಾಡದವರು ಇದನ್ನು ಬಾಯಿಬಿಟ್ಟು ಹೇಳುವುದಿಲ್ಲ.

ಆ ಬೀಗ ಒಡೆದದ್ದು ಎಂಬತ್ತರ ಸುಮಾರಿಗೆ. 1979ರಲ್ಲಿ ಧರ್ಮಸ್ಥಳದ ಸಾಹಿತ್ಯ ಸಮ್ಮೇಳನದಲ್ಲಿ ದಲಿತ ಸಾಹಿತ್ಯದ ಗೋಷ್ಠಿಗೆ ಜಾಗ ಸಿಗದೆ ಬಂಡಾಯ ಸಾಹಿತ್ಯ ಸಂಘಟನೆ ಹುಟ್ಟಿತು. ತುರ್ತುಪರಿಸ್ಥಿತಿಯಲ್ಲಿ ಜೈಲು ಕಂಡು ಬಂದಿದ್ದ ಚಂದ್ರಶೇಖರ ಪಾಟೀಲ (ಚಂಪಾ) ‘ಸಂಕ್ರಮಣ’ವನ್ನು ಆ ಕಡೆಗೆ ತಿರುಗಿಸಿದರು. ಮರುವರ್ಷ ಬೆಂಗಳೂರಲ್ಲಿ ‘ಲಂಕೇಶ್ ಪತ್ರಿಕೆ’ ಹೊರಟಿತು, ಜಾಹೀರಾತಿಲ್ಲದೆ, ಓದುಗರ ಕಾಸಿನ ಮೇಲೆಯೇ. ಸಾರಾ ಅಬೂಬಕ್ಕರ್ ಅವರ ‘ಚಂದ್ರಗಿರಿಯ ತೀರದಲ್ಲಿ’ ಪುಸ್ತಕವಾಗುವ ಮೊದಲು ಆ ವಾರಪತ್ರಿಕೆಯ ಪುಟಗಳಲ್ಲಿ ಬಂತು. ಹಾಸನದ ಬಾನು ಮುಷ್ತಾಕ್ ಅದಕ್ಕೆ ವರದಿ ಬರೆದರು.

2025ರ ಮೇ 20ರಂದು ಲಂಡನ್ನಿನಲ್ಲಿ ಬಾನು ಮುಷ್ತಾಕ್ ಅವರ ಹನ್ನೆರಡು ಕಥೆಗಳ ‘ಹಾರ್ಟ್ ಲ್ಯಾಂಪ್’ಗೆ ಅಂತರರಾಷ್ಟ್ರೀಯ ಬುಕರ್ ಬಂದಾಗ, ಐವತ್ತು ಸಾವಿರ ಪೌಂಡನ್ನು ಅವರೂ ಅನುವಾದಕಿ ದೀಪಾ ಭಾಸ್ತಿಯವರೂ ಸಮಪಾಲಾಗಿ ಹಂಚಿಕೊಂಡದ್ದು ನನಗೆ ಬಹಳ ಹಿತವೆನಿಸಿತು. ಹಳೆಯ ಬಳಗಗಳ ಲೆಕ್ಕ ಅದೇ ಅಲ್ಲವೆ, ಪುಸ್ತಕ ಒಬ್ಬರದೇ ಕೈಕೆಲಸವಲ್ಲ ಅನ್ನುವುದು. ಕನ್ನಡಿಗರೆಲ್ಲ ಕುಣಿದರು, ಕುಣಿಯಬೇಕಾದ್ದೇ. ನಾನಂತೂ ಆ ವಾರ ಎಂಬತ್ತರ ದಶಕದಲ್ಲಿ ಬಸ್‌ಸ್ಟ್ಯಾಂಡಿನ ಅಂಗಡಿಯಲ್ಲಿ ಚಿಲ್ಲರೆ ಕೊಟ್ಟು ಆ ವಾರಪತ್ರಿಕೆ ಕೊಂಡವರನ್ನೂ ಲೆಕ್ಕಕ್ಕೆ ಸೇರಿಸಿಕೊಂಡೆ. ಅವರಿಗೆ ಫೇಡೆ ಕೊಡುವವರು ಯಾರು?

ಈ ಪುಸ್ತಕ ಸಂಭ್ರಮದ ಚರಿತ್ರೆ ಬರೆಯಹೊರಟವರಿಗೆ ಒಂದು ತೊಡಕಿದೆ. ಲೈಬ್ರರಿಗಳಲ್ಲಿ ಪತ್ರಿಕೆಗಳನ್ನು ವರ್ಷಕ್ಕೊಂದು ಸಂಪುಟವಾಗಿ ಬೈಂಡ್ ಮಾಡಿಸುವಾಗ ಹೊದಿಕೆ, ಜಾಹೀರಾತಿನ ಪುಟ, ಒಳಗಿಟ್ಟ ಚೀಟಿ ಎಲ್ಲ ಕಿತ್ತುಹಾಕಿ ಅಂಚು ಕತ್ತರಿಸುತ್ತಾರೆ. ಸಂಪುಟ ದಪ್ಪವಾಗಬಾರದಲ್ಲ. ಕವಿತೆ, ಲೇಖನ ಉಳಿಯುತ್ತವೆ. ಯಾರ ಪುಸ್ತಕಕ್ಕೆ ಯಾರು ಹಿಗ್ಗಿದರು, ಎಷ್ಟಕ್ಕೆ ಮಾರಿದರು, ಯಾವ ಊರಿನ ಯಾರ ಹತ್ತಿರ ಪ್ರತಿಗಳು ಸಿಗುತ್ತಿದ್ದವು ಅನ್ನುವುದೆಲ್ಲ ಇದ್ದದ್ದು ಆ ಕಿತ್ತುಹಾಕಿದ ಹಾಳೆಗಳಲ್ಲಿ. ‘ಜಯ ಕರ್ನಾಟಕ’, ಬೆಟಗೇರಿಯವರ ‘ಜಯಂತಿ’, ‘ಸಂಕ್ರಮಣ’ ಇಂಥವುಗಳ ಬಿಡಿ ಸಂಚಿಕೆಗಳು ಹೊದಿಕೆ ಸಮೇತ ಯಾರ ಮನೆಯಲ್ಲಾದರೂ ಇದ್ದರೆ ರದ್ದಿಗೆ ಹಾಕುವ ಮುಂಚೆ ಹತ್ತಿರದ ಲೈಬ್ರರಿಗೆ ಒಂದು ಮಾತು ಹೇಳಿ. ಚಂದ ಕಾಣಲಿ ಎಂದು ನೀವೇ ಬೈಂಡ್ ಮಾಡಿಸಿ ಕೊಡಲು ಹೋಗಬೇಡಿ, ಧೂಳು ಕೊಡವಿ ಹಾಗೇ ಕೊಡಿ.