ಹಾಲ್‌ಸ್ಯಾಂಡ್ಸ್: ಮರಳಿನೊಂದಿಗೆ ಹೋದ ಊರು

ಮನೆ ಕಟ್ಟಿದ ಇಬ್ಬರನ್ನು ಕುರಿತು ಪ್ರಭು ಯೇಸು ಹೇಳಿದ ಸಾಮತಿಯನ್ನು ನೀವು ಬಾಲ್ಯದಿಂದಲೂ ಬಲ್ಲಿರಿ. ಬಂಡೆಯ ಮೇಲಿನ ಮನೆ ನಿಂತಿತು, ಮರಳಿನ ಮೇಲಿನದು ಬಿದ್ದಿತು. ಆದರೆ ಬಂಡೆಯ ಆಸರೆಯಲ್ಲಿದ್ದ ಮನೆಗಳೇ, ಎದುರಿನ ಮರಳನ್ನು ಕಳೆದುಕೊಂಡ ಕಾರಣದಿಂದ ಉರುಳಿಬಿದ್ದ ಪ್ರಸಂಗವೊಂದು ಚರಿತ್ರೆಯಲ್ಲಿದೆ.

ಇಂಗ್ಲೆಂಡಿನ ನೈಋತ್ಯ ಭಾಗದಲ್ಲಿರುವ ಡೆವನ್ ಪ್ರಾಂತ್ಯದಲ್ಲಿ, ಸ್ಟಾರ್ಟ್ ಕೊಲ್ಲಿಯ ದಡದಲ್ಲಿ ಹಾಲ್‌ಸ್ಯಾಂಡ್ಸ್ ಎಂಬ ಮೀನುಗಾರರ ಹಳ್ಳಿಯಿತ್ತು. ಹಿಂದೆ ಕಡಿದಾದ ಗುಡ್ಡ, ಮುಂದೆ ಕಡಲು, ನಡುವೆ ಕಿರಿದಾದ ಬಂಡೆಯ ಜಗಲಿ. ಆ ಜಗಲಿಯ ಮೇಲೆ ಒಂದಕ್ಕೊಂದು ಅಂಟಿಕೊಂಡಂತೆ ಕಲ್ಲಿನ ಮನೆಗಳು. 1506ರ ವೇಳೆಗಾಗಲೇ ಅಲ್ಲೊಂದು ಪ್ರಾರ್ಥನಾಲಯವಿತ್ತು. 1891ರಲ್ಲಿ ಅಲ್ಲಿದ್ದುದು 37 ಮನೆಗಳು, 159 ಜನರು. ಏಡಿ ಹಿಡಿಯುವುದು ಅವರ ಮುಖ್ಯ ಕಸುಬು. ಮನೆಗಳ ಮುಂದೆ ಬೆಣಚುಕಲ್ಲು ಬೆರೆತ ಮರಳಿನ ಅಗಲವಾದ ದಂಡೆ. ದೋಣಿಗಳನ್ನು ಎಳೆದಿಡಲು ಅದೇ ಅಂಗಳ, ಬಿರುಗಾಳಿಯ ದಿನ ಅದೇ ಕೋಟೆ. ಎಂಥ ಅಲೆಯೇ ಬಂದರೂ ಆ ಇಳಿಜಾರನ್ನು ಏರುವಷ್ಟರಲ್ಲಿ ದಣಿದು ಹಿಂದಿರುಗುತ್ತಿತ್ತು.

1890ರ ದಶಕದಲ್ಲಿ ಬ್ರಿಟಿಷ್ ನೌಕಾಪಡೆಯು ಪ್ಲಿಮತ್ ಬಳಿಯ ಕೀಹ್ಯಾಮ್ ಹಡಗುಕಟ್ಟೆಯನ್ನು ವಿಸ್ತರಿಸಲು ನಿರ್ಧರಿಸಿತು. ಕಾಂಕ್ರೀಟಿಗೆ ಮರಳೂ ಜಲ್ಲಿಯೂ ರಾಶಿರಾಶಿಯಾಗಿ ಬೇಕಾದವು. ಗುತ್ತಿಗೆದಾರ ಸರ್ ಜಾನ್ ಜ್ಯಾಕ್ಸನ್ ಅವರಿಗೆ ಹಾಲ್‌ಸ್ಯಾಂಡ್ಸ್‌ನ ಮುಂದಿನ ಕಡಲಿನಿಂದ ಅವನ್ನು ಎತ್ತಲು ಪರವಾನಗಿ ದೊರೆಯಿತು. 1897ರಲ್ಲಿ ಹೂಳೆತ್ತುವ ಯಂತ್ರಗಳು ಬಂದವು. ದಿನವೊಂದಕ್ಕೆ 1,600 ಟನ್ನುಗಳವರೆಗೂ ಎತ್ತಿದ್ದುಂಟು. ಹಳ್ಳಿಗರನ್ನು ಯಾರೂ ಮೊದಲು ಕೇಳಿರಲಿಲ್ಲ. ಅವರು ಕಳವಳದಿಂದ ದೂರು ಕೊಟ್ಟಾಗ ವಿಚಾರಣೆಯೇನೋ ನಡೆಯಿತು. ಊರಿಗೆ ಹೇಳಿಕೊಳ್ಳುವಂಥ ಅಪಾಯವಿಲ್ಲವೆಂದು ತೀರ್ಮಾನವಾಯಿತು. ತೆಗೆದಷ್ಟನ್ನು ಸಮುದ್ರವೇ ಮತ್ತೆ ತಂದು ತುಂಬುತ್ತದೆ ಎಂಬುದು ಅಂದಿನ ನಂಬಿಕೆ.

ಆ ನಂಬಿಕೆಯಲ್ಲೇ ಇಡೀ ದುರಂತದ ಬೇರಿತ್ತು. ಸ್ಟಾರ್ಟ್ ಕೊಲ್ಲಿಯ ಕಲ್ಲುಮರಳು ವರ್ಷವರ್ಷವೂ ಬರುವಂಥದಲ್ಲ. ಹಿಮಯುಗ ಮುಗಿದು ಸಮುದ್ರಮಟ್ಟ ಏರಿದಾಗ, ಸಾವಿರಾರು ವರ್ಷಗಳ ಹಿಂದೆ, ಕಡಲತಳದಿಂದ ದಡಕ್ಕೆ ಬಂದು ಸೇರಿದ ಇಡುಗಂಟು ಅದು. ಅದಕ್ಕೆ ಹೊಸದಾಗಿ ಸೇರಿಸುವ ದೊಡ್ಡ ನದಿಯೂ ಅಲ್ಲಿಲ್ಲ. ಹಳ್ಳಕ್ಕೆ ನೀರು ಇಳಿದು ತುಂಬುವಂತೆ, ಕಡಲತಳದಲ್ಲಿ ತೋಡಿದ ಗುಂಡಿಗೆ ದಂಡೆಯ ಮರಳೇ ಜಾರಿಹೋಯಿತು. ಹೀಗೆ ಹೋದದ್ದು ಒಟ್ಟು ಸುಮಾರು 6,50,000 ಟನ್. ಶಾಲೆಯ ಮೆಟ್ಟಿಲು ಹತ್ತದಿದ್ದರೂ ಈ ಲೆಕ್ಕವನ್ನು ಕಣ್ಣಳತೆಯಿಂದಲೇ ಹೇಳಬಲ್ಲ ಬೆಸ್ತರು ಆ ಊರಿನಲ್ಲಿದ್ದಿರಬೇಕು ಎಂದು ನನಗೆ ಅನ್ನಿಸುತ್ತದೆ. ಆದರೆ ವರದಿ ಬರೆಯುವವರು ಅವರಾಗಿರಲಿಲ್ಲ.

1900ರ ಶರತ್ಕಾಲದ ಬಿರುಗಾಳಿಗೆ ಕಡಲಗೋಡೆಯ ಒಂದು ಭಾಗ ಕೊಚ್ಚಿಹೋಯಿತು. ನವೆಂಬರಿನಲ್ಲಿ ಹಳ್ಳಿಗರು ತಮ್ಮ ಸಂಸತ್ ಸದಸ್ಯರಿಗೆ ಮನವಿ ಸಲ್ಲಿಸಿದರು. 1901ರಲ್ಲಿ ಬಂದ ಮತ್ತೊಬ್ಬ ಅಧಿಕಾರಿ, ಕೆಲಸ ನಿಲ್ಲಿಸುವುದೇ ಲೇಸೆಂದು ಬರೆದರು. 1902ರ ಜನವರಿ 8ರಂದು ಪರವಾನಗಿ ರದ್ದಾಯಿತು. ಆ ವರ್ಷ ದಂಡೆ ತುಸು ಚೇತರಿಸಿಕೊಂಡಂತೆ ಕಂಡಿತಾದರೂ 1903ರ ಬಿರುಗಾಳಿಗಳು ಆ ಭರವಸೆಯನ್ನು ಅಳಿಸಿದವು. ಹೊಸ ತಡೆಗೋಡೆಗಳು ಎದ್ದವು. ದಂಡೆ ಮಾಡುತ್ತಿದ್ದ ಕೆಲಸವನ್ನು ಗೋಡೆಯಿಂದ ಮಾಡಿಸುವ ಪ್ರಯತ್ನ ಅದು.

ನಮ್ಮ ಕರಾವಳಿಯ ಓದುಗರಿಗೆ ಕಡಲ್ಕೊರೆತವನ್ನು ವಿವರಿಸಬೇಕಾಗಿಲ್ಲ. ನಮ್ಮಲ್ಲಿನ ಕೊರೆತಕ್ಕೆಲ್ಲ ಹೊಯಿಗೆ ತೆಗೆದದ್ದೇ ಕಾರಣವೆಂದರೆ ತಪ್ಪಾದೀತು. ಅಳಿವೆಬಾಗಿಲಿನ ತಡೆಗೋಡೆಗಳಿಗೂ ಅದರಲ್ಲಿ ಪಾಲುಂಟು. ಆದರೆ ನಮ್ಮ ಕಡಲತೀರಕ್ಕೆ ಹೊಯಿಗೆ ಬರುವುದು ಬಹುಪಾಲು ನದಿಗಳಿಂದ. ನಮ್ಮ ತಾರಸಿಗಳಿಗಾಗಿ ಹೊಳೆಯಲ್ಲಿ ತುಂಬಿಸಿದ ಪ್ರತಿಯೊಂದು ಲಾರಿಯ ಹೊಯಿಗೆಯೂ ಕಡಲನ್ನು ತಲಪಬಹುದಾಗಿದ್ದ ಹೊಯಿಗೆಯೇ. 1991ರ ಕರಾವಳಿ ನಿಯಂತ್ರಣ ವಲಯದ ಅಧಿಸೂಚನೆ ಕಡಲಂಚಿನಲ್ಲಿ ಮರಳು ಅಗೆಯುವುದನ್ನು ನಿಷೇಧಿಸಿದ್ದು ಸುಮ್ಮನೆ ಅಲ್ಲ.

1917ರ ಜನವರಿ 26ರಂದು ಮೂಡಣ ಬಿರುಗಾಳಿಯೂ ಅಸಾಧಾರಣ ಭರತವೂ ಒಂದಾಗಿ ಬಂದವು. ತಡೆಗೋಡೆಗಳನ್ನು ದಾಟಿದ ಅಲೆಗಳು ಮಾಡುಗಳ ಮೇಲೆಯೇ ಎರಗಿದವು. ಬಂಡೆಯ ಸಂದುಗಳಲ್ಲಿ ತುಂಬಿದ್ದ ಹಳೆಯ ಮರಳುಮಣ್ಣು ಕೊಚ್ಚಿಹೋಗಿ ಮನೆಗಳು ತಳದಿಂದಲೇ ಕುಸಿದವು. ಜನರು ಗುಡ್ಡ ಹತ್ತಿ ಬದುಕಿದರು; ಒಂದು ಜೀವವೂ ಹೋಗಲಿಲ್ಲ. ಆದರೆ ಆ ವರ್ಷ ಮುಗಿಯುವಾಗ ವಾಸಕ್ಕೆ ಯೋಗ್ಯವಾಗಿ ಉಳಿದದ್ದು ಒಂದೇ ಮನೆ.

ಪರಿಹಾರಕ್ಕಾಗಿ ಹಳ್ಳಿಗರು ಇನ್ನೂ ಏಳು ವರ್ಷ ಹೋರಾಡಬೇಕಾಯಿತು. ಮರಳೆತ್ತಲು ಪರವಾನಗಿ ಕೊಟ್ಟದ್ದು ಸರ್ಕಾರ, ಮರಳು ಹೋದದ್ದು ಸರ್ಕಾರದ ಹಡಗುಕಟ್ಟೆಗೆ. ಆದರೂ ಹೊಣೆ ಯಾರದೆಂಬುದು ಅಷ್ಟು ಕಾಲ ಚರ್ಚೆಯಾಗಿಯೇ ಉಳಿಯಿತು. ನೆಲೆ ಕಳೆದುಕೊಂಡವರು ಗುಡ್ಡದಾಚೆಗೂ ನೆರೆಯ ಊರುಗಳಿಗೂ ಚದುರಿದರು. ಉಳಿದ ಆ ಒಂದು ಮನೆಯಲ್ಲಿ ಮಾತ್ರ ಒಬ್ಬ ಮಹಿಳೆ ತನ್ನ ಕೋಳಿಗಳೊಂದಿಗೆ ಬಾಳಿದರು. ಪಾಳುಗೋಡೆಗಳನ್ನು ನೋಡಲು ಬಂದವರಿಗೆ ಅವರೇ ಊರಿನ ಕಥೆಯನ್ನು ಹೇಳುತ್ತಿದ್ದರು. 1964ರಲ್ಲಿ ಅವರು ತೀರಿಕೊಂಡರು.