ದೂರವಾಣಿ ಸಂಖ್ಯಾಪದ್ಧತಿಯ ಪರಿವರ್ತನೆ ಮತ್ತು ಜನಪ್ರತಿರೋಧ: ಜೋಗೇಶ್ವರಿಯ ನಿದರ್ಶನ

ದೂರವಾಣಿಯ ನಂಬರು ತಿರುಗಿಸುವ ಕ್ರಮದಲ್ಲಿ ಕಾಲಕಾಲಕ್ಕೆ ಉಂಟಾದ ಮಾರ್ಪಾಡುಗಳನ್ನು ಜನರು ಪ್ರತಿಭಟಿಸಿದ ಚರಿತ್ರೆ ಅಮೆರಿಕದಲ್ಲಿ ವಿಪುಲವಾಗಿ ದಾಖಲಾಗಿದೆ. ಮುಂಬಯಿಯ ಪಶ್ಚಿಮ ರೈಲುಮಾರ್ಗದಲ್ಲಿ ಅಂಧೇರಿಗೂ ಗೋರೆಗಾಂವ್‌ಗೂ ನಡುವೆ ಇರುವ ಜೋಗೇಶ್ವರಿಯಂಥ ಉಪನಗರದಲ್ಲಾದರೋ ಅದು ಸಂಘಟಿತ ಚಳವಳಿಯ ರೂಪ ತಾಳಿದಂತೆ ಕಾಣದು.

ಮೊದಲ ವಿರೋಧ ಡಯಲಿಗೇ ಎದುರಾಯಿತು. ಕೇಳುಗೊಳವೆಯನ್ನೆತ್ತಿ ಆಪರೇಟರಳಿಗೆ ಹೇಳಿದೊಡನೆ ಕೆಲಸವಾಗುತ್ತಿದ್ದ ಕಾಲವನ್ನು ಕಂಡಿದ್ದ ವರ್ಜೀನಿಯದ ಸೆನೆಟರ್ ಕಾರ್ಟರ್ ಗ್ಲಾಸ್, ಡಯಲುಳ್ಳ ಯಂತ್ರಗಳನ್ನು ಸೆನೆಟ್ಟಿನಿಂದ ತೆಗೆಸಬೇಕೆಂದು 1930ರಲ್ಲಿ ಗೊತ್ತುವಳಿ ತಂದು ಅಂಗೀಕಾರವನ್ನೂ ಪಡೆದನು. ಆಪರೇಟರಳ ದುಡಿಮೆಯನ್ನು ಕಂಪನಿಯು ಸದಸ್ಯರ ಬೆರಳಿಗೆ ಕಟ್ಟಿತೆಂಬುದು ದೂರು. ಕಿರಿಯ ಸದಸ್ಯರಿಗೆ ಡಯಲೇ ಪ್ರಿಯವಾಗಿದ್ದುದರಿಂದ ಎರಡು ಬಗೆಗೂ ಅವಕಾಶವಿತ್ತು ರಾಜಿಯಾಯಿತು. 1962ರಲ್ಲಿ, ಎಕ್ಸ್‌ಚೇಂಜುಗಳ ಹೆಸರಿನ ಅಕ್ಷರಗಳನ್ನು ಕಳೆದು ಬರಿಯ ಏಳು ಅಂಕಿಗಳನ್ನು ಹೇರಿದಾಗ, ಸಾನ್ ಫ್ರಾನ್ಸಿಸ್ಕೋದಲ್ಲಿ ‘ಆಂಟಿ-ಡಿಜಿಟ್ ಡಯಲಿಂಗ್ ಲೀಗ್’ ಎಂಬ ಸಂಘವೇ ಹುಟ್ಟಿತು, ಭಾಷಾಶಾಸ್ತ್ರಜ್ಞ ಎಸ್. ಐ. ಹಯಕಾವ ಅದರ ಬೆಂಬಲಿಗರಲ್ಲೊಬ್ಬನು. ಆದರೂ ಅಂಕಿಗಳೇ ಗೆದ್ದವು.

1882ರಲ್ಲೇ ಎಕ್ಸ್‌ಚೇಂಜನ್ನು ಕಂಡ ಮುಂಬಯಿಯಲ್ಲಿ ಇಂಥ ಸಂಘವೇಕೆ ಹುಟ್ಟಲಿಲ್ಲ? ಖಾಸಗಿ ಕಂಪನಿಯಿಂದ 1943ರಲ್ಲಿ ಸರ್ಕಾರದ ವಶಕ್ಕೂ 1986ರಲ್ಲಿ ಮಹಾನಗರ ಟೆಲಿಫೋನ್ ನಿಗಮಕ್ಕೂ ಸಂದ ಈ ವ್ಯವಸ್ಥೆಯಲ್ಲಿ, ಅರ್ಜಿ ಹಾಕಿ ವರ್ಷಗಟ್ಟಲೆ ಕಾದು ಸಂಪರ್ಕ ಪಡೆದವನು ಅಂಕಿಯ ವಿಷಯದಲ್ಲಿ ಜಗಳಕ್ಕೆ ನಿಲ್ಲುವ ಸ್ಥಿತಿಯಲ್ಲಿರಲಿಲ್ಲ. ದೂರವಾಣಿ ಹಕ್ಕಲ್ಲ, ವಿಲಾಸ; ಅತೃಪ್ತರು ಅದನ್ನು ಹಿಂದಿರುಗಿಸಬಹುದು ಎಂಬರ್ಥದ ಮಾತನ್ನು 1980ರ ದಶಕದ ಆರಂಭದಲ್ಲಿ ಸಂಪರ್ಕ ಸಚಿವ ಸಿ. ಎಂ. ಸ್ಟೀಫನ್ ಆಡಿದರೆಂದು ವರದಿಯಾಗಿದೆ. ಅಭಾವವು ಗ್ರಾಹಕನನ್ನು ವಿಧೇಯನನ್ನಾಗಿಸಿತ್ತೆಂಬುದೇ ಸರಿಯಾದ ವಿವರಣೆಯೆಂದು ತೋರುತ್ತದೆ.

2002ರಲ್ಲಿ ಮುಂಬಯಿಯಲ್ಲಿ ನಿಗಮದ ಸ್ಥಿರದೂರವಾಣಿಗಳ ಏಳಂಕಿಯ ಸಂಖ್ಯೆಗಳು ಮುಂದೆ 2 ಸೇರಿ ಎಂಟಂಕಿಯಾದವು. ಆದಿಯ ಸೊನ್ನೆಯನ್ನುಳಿದು ಕೋಡು ಮತ್ತು ಸಂಖ್ಯೆ ಸೇರಿ ದೇಶದಲ್ಲೆಲ್ಲ ಹತ್ತೇ ಅಂಕಿಗಳಿರಬೇಕೆಂಬುದು ಈ ಪರಿವರ್ತನೆಯ ಸೂತ್ರ. ಅದೇ ಸೂತ್ರಕ್ಕೊಳಪಟ್ಟು ಉಡುಪಿಯ 08252 ಎಂಬ ಎಸ್.ಟಿ.ಡಿ. ಕೋಡು 0820 ಎಂದು ಮೊಟಕಾಗಿ, ಉಳಿದ 2 ಊರಿನ ಸಂಖ್ಯೆಯ ತಲೆಗೇರಿತು. ಆದುದರಿಂದ ಉಪನಗರದಲ್ಲಿ ನೆಲಸಿದ ಕರಾವಳಿಯ ಕುಟುಂಬಗಳಿಗೆ ತಮ್ಮ ನಂಬರೊಂದೇ ಅಲ್ಲದೆ ಊರಿನ ಮನೆಯ ನಂಬರೂ ಹೊಸದಾಯಿತು. ಊರಿನ ನಂಬರಿನಲ್ಲಿ ತಿರುಗಿಸುವ ಅಂಕಿಗಳು ಮೊದಲಿದ್ದವೇ, ಅದೇ ಕ್ರಮದಲ್ಲಿ, ನಡುವೆ ಒಂದು 5ರ ಜಾಗದಲ್ಲಿ ಸೊನ್ನೆ ಬಂದುದಷ್ಟೇ ವ್ಯತ್ಯಾಸ. ಬಾಯಿಪಾಠವಿದ್ದವರನ್ನು ಎಡವಿಸಲು ಅಷ್ಟು ಸಾಕು. ಹೋಟೆಲಿನ ಬೋರ್ಡು, ಬಿಲ್ ಪುಸ್ತಕ, ರಬ್ಬರ್ ಮುದ್ರೆಗಳನ್ನು ತಿದ್ದಿಸುವ ವೆಚ್ಚ ಮಾತ್ರ ಬಳಕೆದಾರನದೇ. ಅದನ್ನು ಯಾವ ಸೂತ್ರವೂ ಲೆಕ್ಕಿಸಿರಲಿಲ್ಲ.

ಮುಂದಣ ಕೋಲಾಹಲ ಹುಟ್ಟಿದ್ದು ತಪ್ಪುಗ್ರಹಿಕೆಯಿಂದ. ಸ್ಥಿರದೂರವಾಣಿಯಿಂದ ಮೊಬೈಲಿಗೆ ಕರೆ ಮಾಡುವಾಗ ಮೊದಲು ಸೊನ್ನೆ ಒತ್ತಬೇಕೆಂದು ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರವು 2020ರ ಮೇ 29ರಂದು ಶಿಫಾರಸು ಮಾಡಲು, ಮೊಬೈಲ್ ಸಂಖ್ಯೆಯೇ ಹನ್ನೊಂದಂಕಿಯಾಗುವುದೆಂಬ ಸುದ್ದಿ ಹಬ್ಬಿ, ಹತ್ತೇ ಉಳಿಯುವುದೆಂದು ಪ್ರಾಧಿಕಾರ ಸ್ಪಷ್ಟನೆ ನೀಡಬೇಕಾಯಿತು. ಹೊಸ ಸಂಖ್ಯೆಗಳಿಗೆ ಎಡೆ ಮಾಡುವ ಈ ಕ್ರಮ 2021ರ ಜನವರಿ 15ರಂದು ಜಾರಿಗೆ ಬರುವಷ್ಟರಲ್ಲಿ, ಅದನ್ನು ಎದುರಿಸಬಹುದಾಗಿದ್ದ ಸ್ಥಿರದೂರವಾಣಿಯ ಗ್ರಾಹಕರೇ ವಿರಳರಾಗಿದ್ದರು.