ಸೋಬಾನೆ: ಒಂದು ಪದದ ಚರಿತ್ರೆ

ಸೋಬಾನೆ ಅಂದರೆ ಮದುವೆ ಮನೆಯ ಹಾಡು ಅಂತ ಎಲ್ಲರೂ ಬಲ್ಲರು. ಪಂಡಿತರನ್ನು ಕೇಳಿದರೆ ‘ಶೋಭನ’ದ ತದ್ಭವ, ಮಂಗಳಗೀತೆ ಅಂತ ಒಂದೇ ಉಸಿರಿಗೆ ಮುಗಿಸುತ್ತಾರೆ. ನಮ್ಮ ಅವ್ವಂದಿರ ಬದುಕು ಒಂದು ಉಸಿರಿಗೆ ಮುಗಿಯುವಂಥದಲ್ಲ. ಈ ಪದವನ್ನು ನಾವು ಕೇರಿಯ ಕಡೆಯಿಂದ ಓದಬೇಕು.

ಸಂಸ್ಕೃತದ ಶೋಭನ ಅಂದರೆ ಚೆಲುವಾದದ್ದು, ಶುಭವಾದದ್ದು. ತೆಲುಗಿನಲ್ಲಿ ಅದು ಮದುವೆಯಾದವರ ಮೊದಲ ರಾತ್ರಿಯ ಹೆಸರಾಯಿತು. ಕನ್ನಡದ ಹೆಂಗಸರ ಬಾಯಲ್ಲಿ ಹಾಡಾಯಿತು. ಶ ಹೋಗಿ ಸ ಬಂತು, ಭ ಹೋಗಿ ಬ ಬಂತು. 13ನೆಯ ಶತಮಾನದ ಕೇಶಿರಾಜ ಶಬ್ದಮಣಿದರ್ಪಣದಲ್ಲಿ ಇಂಥ ಮಾರ್ಪಾಟುಗಳಿಗಾಗಿಯೇ ಒಂದು ಪ್ರಕರಣ ಬರೆದ. ಅದಕ್ಕೆ ಹೆಸರು ಅಪಭ್ರಂಶ ಪ್ರಕರಣ. ಅಪಭ್ರಂಶ ಅಂದರೆ ಮೇಲಿಂದ ಜಾರಿ ಬಿದ್ದದ್ದು. ವ್ಯಾಕರಣಕ್ಕೆ ಅದು ಬರೀ ಒಂದು ಪಾರಿಭಾಷಿಕ ಪದ ಇರಬಹುದು. ಆದರೆ ಮೇಲು ಯಾವುದು, ಕೆಳಗು ಯಾವುದು ಅನ್ನೋದು ಆ ಹೆಸರಿನಲ್ಲೇ ತೀರ್ಮಾನವಾಗಿ ಹೋಗಿದೆ.

ಆಕಾಶ ಆಗಸವಾದರೆ, ಶ್ರೀ ಸಿರಿಯಾದರೆ ಕವಿಗಳು ತಲೆದೂಗುತ್ತಾರೆ. ನಮ್ಮ ಕೇರಿಯ ಹುಡುಗ ಶಾಲೆಯನ್ನು ಸಾಲೆ ಅಂದರೆ ಬೆತ್ತ ಏಳುತ್ತದೆ. ನಮ್ಮಲ್ಲಿ ಎಷ್ಟೋ ಮಂದಿ ಆ ಏಟು ತಿಂದೇ ಅಕ್ಷರ ಕಲಿತವರು. ಎರಡೂ ಕಡೆ ನಡೆದಿರೋದು ಒಂದೇ ನಿಯಮ. ಹಾಗಾದರೆ ತಪ್ಪು ನಾಲಗೆಯದೋ, ನಾಲಗೆಯ ಜಾತಿಯದೋ?

ಸೋಬಾನೆ ಬರೀ ತಾಳಿ ಕಟ್ಟುವ ಹೊತ್ತಿನ ಹಾಡಲ್ಲ. ಚಪ್ಪರ ಹಾಕುವಾಗ, ಅರಿಸಿನ ಕುಟ್ಟುವಾಗ, ಬಳೆ ತೊಡಿಸುವಾಗ, ಹಸೆಗೆ ಕರೆಯುವಾಗ, ಹೆಣ್ಣು ಒಪ್ಪಿಸುವಾಗ ಸೋಬಾನೆ ಉಂಟು. ಹುಡುಗಿ ಮೈನೆರೆದಾಗಲೂ, ಬಸುರಿಗೆ ಮಡಿಲು ತುಂಬುವಾಗಲೂ ಉಂಟು. ಒಬ್ಬಳು ಮುಂದೆ ಹೇಳುತ್ತಾಳೆ, ಉಳಿದವರು ಸೊಲ್ಲು ಹಿಡಿಯುತ್ತಾರೆ. ಪುಸ್ತಕವಿಲ್ಲ, ಪುರೋಹಿತನಿಲ್ಲ. ಮಂತ್ರ ಕೇಳಲೂಬಾರದು ಅಂತ ಯಾರನ್ನು ದೂರ ಇಟ್ಟರೋ, ಅವರು ತಮ್ಮ ಮಕ್ಕಳ ಮದುವೆಯನ್ನು ಹಾಡಿನಿಂದಲೇ ಮಾಡಿ ಮುಗಿಸಿದರು.

ಈ ಹಾಡಿನ ಬಲ ಮಠಕ್ಕೂ ಗೊತ್ತಿತ್ತು. 16ನೆಯ ಶತಮಾನದಲ್ಲಿ ಸೋದೆಯ ವಾದಿರಾಜರು ಲಕ್ಷ್ಮೀ ಶೋಭಾನೆ ಬರೆದರು. ಲಕ್ಷ್ಮೀ ನಾರಾಯಣರ ಮದುವೆಯ ಕಥೆ ಅದು. ಹೆಂಗಸರ ಬಾಯಲ್ಲಿದ್ದ ಹಾಡಿನ ಮಟ್ಟನ್ನು ಒಬ್ಬ ಸನ್ಯಾಸಿ ಕೈಗೆತ್ತಿಕೊಂಡಿದ್ದು ಸಣ್ಣ ಮಾತಲ್ಲ. ಇವತ್ತಿಗೂ ಮಾಧ್ವರ ಮದುವೆಗಳಲ್ಲಿ ಅದನ್ನು ಹಾಡುತ್ತಾರೆ, ಬರೆದವರ ಹೆಸರು ಅದರ ಜೊತೆಗೇ ನಿಂತಿದೆ. ಆದರೆ ಅಲ್ಲಿ ಪದಕ್ಕೆ ಶ ವಾಪಸು ಬಂತು, ಭ ವಾಪಸು ಬಂತು. ಕೇರಿಯಲ್ಲಿ ಅದು ಸೋಬಾನೆಯಾಗಿಯೇ ಉಳಿಯಿತು. ಹಾಡಿದವಳ ಹೆಸರು ಮಾತ್ರ ಉಳಿಯಲಿಲ್ಲ.

ಇನ್ನು ಮಂಗಳದ ಮಾತು. ಮಂಗಳ ಅನ್ನೋ ಪದಕ್ಕೆ ನಮ್ಮ ಕೇರಿಗಳಲ್ಲಿ ಒಂದು ಬೆಲೆ ಇತ್ತು, ಆ ಬೆಲೆಯ ಹೆಸರು ಸಾಲ. ತಾಳಿಗೆ, ಸೀರೆಗೆ, ಊರವರ ಊಟಕ್ಕೆ ಅಂತ ಒಡೆಯನ ಹತ್ತಿರ ಕೈಯೊಡ್ಡಿದ ಗಂಡು, ಹಸೆಮಣೆಯಿಂದ ಎದ್ದವನೇ ಜೀತಕ್ಕೆ ನಡೆದ. ಅವನಿಗೆ ತೀರಿಸಲಾಗದ್ದು ಮಗನ ಹೆಗಲಿಗೆ ಬಂತು. ಜೀತ ರದ್ದು ಮಾಡುವ ಕಾಯಿದೆ ಬಂದದ್ದು 1976ರಲ್ಲಿ. ಅಲ್ಲಿಯವರೆಗೆ ಎಷ್ಟು ಚಪ್ಪರಗಳ ಕೆಳಗೆ ಸೋಬಾನೆಯೂ ಸಾಲದ ಲೆಕ್ಕವೂ ಜೊತೆಜೊತೆಗೇ ನಡೆದವು! ಹಾಡುತ್ತಿದ್ದ ಅವ್ವಂದಿರಿಗೆ ಇದು ಗೊತ್ತಿರಲಿಲ್ಲವೆ? ಚೆನ್ನಾಗಿ ಗೊತ್ತಿತ್ತು. ಗೊತ್ತಿದ್ದೂ ಹಾಡಿದರು. ಒಡೆಯನ ಲೆಕ್ಕದ ಪುಸ್ತಕಕ್ಕೆ ಸೇರದ ಒಂದು ರಾತ್ರಿಯನ್ನು ಮಕ್ಕಳಿಗೆ ಕೊಡಲು ಹಾಡಿದರು.

ಅಚ್ಚಿನ ಕಾಲ ಬಂತು. 1931ರಲ್ಲಿ ಹಲಸಂಗಿಯ ಗೆಳೆಯರು ‘ಗರತಿಯ ಹಾಡು’ ತಂದರು. ಬೀಸುವ ಕಲ್ಲಿನ ಮುಂದಿನ ಪದಗಳು ಮೊದಲ ಸಲ ಮರ್ಯಾದೆಯಿಂದ ಪುಸ್ತಕವಾದವು. ಅದಕ್ಕೆ ನಾವು ಋಣಿಗಳು. ಆದರೂ ಕೇಳಬೇಕಾದ್ದನ್ನು ಕೇಳಬೇಕು: ಸಂಗ್ರಹಿಸಿದವರ ಹೆಸರನ್ನು ನಾಡು ಬಲ್ಲದು, ಬೀಸಿದವರು ಯಾರು, ಹಾಡಿದವರು ಯಾರು? ಅವರಿಗೆಲ್ಲ ‘ಗರತಿ’ ಅನ್ನೋ ಒಂದೇ ಹೆಸರು ಸಾಕಾಯಿತೆ? ಆಮೇಲೆ ‘ಜನಪದ’ ಅನ್ನೋ ದೊಡ್ಡ ಪದ ಬಂದು ಇದ್ದಬದ್ದ ಹೆಸರುಗಳನ್ನೂ ನುಂಗಿತು. ಹೆಸರು ಹಿಡಿದು ಕರೆಯುವ ದಿನ ತಡವಾಗಿ ಬಂತು. ಅಂಕೋಲೆಯ ಬಡಗೇರಿಯಲ್ಲಿ ಹಾಲಕ್ಕಿಗಳ ಹಾಡುಗಳನ್ನು ನೆನಪಿನಲ್ಲೇ ಕಾಪಾಡಿದ ಸುಕ್ರಿ ಬೊಮ್ಮಗೌಡರಿಗೆ ಪದ್ಮಶ್ರೀ ಬಂದದ್ದು 2017ರಲ್ಲಿ. 2025ರಲ್ಲಿ ಅವರು ತೀರಿಕೊಂಡಾಗ ನಾಡಿಗೆ ಅವರ ಹೆಸರು ಗೊತ್ತಿತ್ತು. ಅಂಥ ಒಂದು ಹೆಸರಿನ ಹಿಂದೆ ಹೆಸರಿಲ್ಲದೆ ಹೋದ ಸಾವಿರಾರು ಅವ್ವಂದಿರಿದ್ದಾರೆ.

ಅಕ್ಷರ ಕಲಿತ ನಾವು ಮಾಡಬೇಕಾದ ಕೆಲಸ ಇಷ್ಟು: ಸೋಬಾನೆ ಬರೆದುಕೊಳ್ಳುವಾಗ ಹಾಡಿದವಳ ಹೆಸರು ಮೊದಲು ಬರೆಯಬೇಕು, ಊರು ಬರೆಯಬೇಕು, ಆ ಮದುವೆಗೆ ಮಾಡಿದ ಸಾಲವನ್ನೂ ಕೇಳಿ ಬರೆಯಬೇಕು. ಅವಳು ಸ ಅಂದರೆ ಸ ಅಂತಲೇ ಬರೆಯಬೇಕು. ತಿದ್ದಬಾರದು.